ಹವಾಯಿ ಟೋಕನ್ ಮೇಲೆ ‘ಡಾಲಾ’ ಅಂತಿದೆ, ಇದು ಹಳೇ ಬೆಳ್ಳಿ ನಾಣ್ಯವಾ?

ಪ್ರಶ್ನೆ: ಸರ್, ನಮ್ಮ ಭಾವ ಹವಾಯಿಯ ಮೌಯಿ ದ್ವೀಪದಿಂದ ಒಂದು ದೊಡ್ಡ ಬಿಲ್ಲೆ ತಂದುಕೊಟ್ಟಿದ್ದಾರೆ. ಒಂದು ಕಡೆ ರಾಜನ ಮುಖ, ‘ಡಾಲಾ’ ಅಂತ ಬರಹ, ಅಂಚಿನಲ್ಲಿ ಸಣ್ಣಗೆ ‘ಟ್ರೇಡ್’ ಅಂತಲೂ ಇದೆ. 1883ರ ಬೆಳ್ಳಿ ನಾಣ್ಯ ಅಂತ ಪರಿಚಯದವರೊಬ್ಬರು ಹೇಳಿದರು. ಹುಣಸೆಹಣ್ಣು ಹಾಕಿ ತಿಕ್ಕಲಾ?

ಉತ್ತರ: ಮೊದಲು ಆ ಹುಣಸೆಹಣ್ಣು ಒಳಗಿಡಿ, ತಿಕ್ಕಿದ ನಾಣ್ಯಕ್ಕೆ ಬೆಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ‘ಟ್ರೇಡ್’ ಅಂತಿದ್ದರೆ ಅದು ಈಚಿನ ಟೋಕನ್. ಪ್ರವಾಸಿಗರು ಅದನ್ನು ಒಪ್ಪಿಕೊಳ್ಳುವ ಅಂಗಡಿಗಳಲ್ಲಿ ಖರ್ಚು ಮಾಡಲಿ, ಇಲ್ಲ ನೆನಪಿಗೆ ಮನೆಗೆ ಒಯ್ಯಲಿ ಅಂತ ಮಾಡಿದ್ದು. ಒಯ್ದರೆ ಅದಕ್ಕೆ ವಾಪಸ್ ಹಣ ಕೊಡೋದು ತಪ್ಪುತ್ತೆ, ಹೊರಡಿಸಿದವರಿಗೇ ಲಾಭ, ಅಲ್ವಾ!

ಅಸಲಿ ನಾಣ್ಯಗಳು ಕಲಾಕೌವ ರಾಜನ ಕಾಲದವು, 1883ರ ಇಸವಿ ಹಾಕಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚಾದವು. ಡಾಲಾ ಅಂದರೆ ಹವಾಯಿ ಭಾಷೆಯಲ್ಲಿ ಡಾಲರ್, ಹಪಲುವಾ ಅಂದರೆ ಅರ್ಧ, ಹಪಹಾ ಅಂದರೆ ಕಾಲು. ಒಂದು ಡಾಲಾ ಸುಮಾರು 26.7 ಗ್ರಾಂ, 90% ಬೆಳ್ಳಿ. ಚಿನ್ನದಂಗಡಿಯಲ್ಲಿ ತೂಗಿಸಿ ನೋಡಿ. ಅಯಸ್ಕಾಂತ ಅಂಟಲಿಲ್ಲ ಅಂತ ಖುಷಿಪಡಬೇಡಿ, ತಾಮ್ರ-ನಿಕ್ಕಲ್ ಬಿಲ್ಲೆಗೂ ಅಂಟಲ್ಲ.

ಪ್ರಶ್ನೆ: ತೂಗಿಸಿದೆ ಸರ್, 22 ಗ್ರಾಂ ಬಂತು. ಹಾಗಾದರೆ ಇಂಥವನ್ನು ಕೂಡಿಸಿಡೋದು ಸುಮ್ನೆ ದುಡ್ಡು ದಂಡನಾ?

ಉತ್ತರ: ದಂಡ ಏನಲ್ಲ. ಬೆಳ್ಳಿಯ ರೇಟು ಕೊಟ್ಟು ತಗೋಬೇಡಿ, ಅಷ್ಟೇ. ಯಾವ ವರ್ಷದ್ದು, ಎಷ್ಟು ಅಚ್ಚಾಗಿದೆ, ಪ್ಯಾಕೆಟ್ ಜೊತೆಗಿದೆಯಾ, ಇದನ್ನು ನೋಡಿ.

ಟೋಕನ್ ಅನ್ನೋದು ಹವಾಯಿಗೆ ಹೊಸದೇನಲ್ಲ. ಮೌಯಿಯ ಕಬ್ಬಿನ ತೋಟದವರು ಚಿಲ್ಲರೆ ಸಿಗದೆ ತಮ್ಮದೇ ಬಿಲ್ಲೆ ಅಚ್ಚು ಹಾಕಿಸಿಕೊಳ್ಳುತ್ತಿದ್ದರು. ಹೈಕು ತೋಟದ 1882ರ ಬಿಲ್ಲೆ ಮೇಲೆ ‘ಒಂದು ರಿಯಲ್’ ಅಂತಿದೆ, ಅಂದರೆ ಡಾಲರಿನ ಎಂಟನೇ ಒಂದು ಪಾಲು, 12½ ಸೆಂಟು. ಸರ್ಕಾರ ಕೂಡ ಹಪವಾಲು ಅಂತ ಅದೇ ಬೆಲೆಯ ನಾಣ್ಯ ಮಾಡಲು ಹೊರಟಿತ್ತು, ಆಮೇಲೆ ಅಮೆರಿಕದ ಹಣಕ್ಕೆ ಹೊಂದಲಿ ಅಂತ 10 ಸೆಂಟಿಗೆ ಬಂತು. ನನಗಂತೂ ಈ ತೋಟದ ಬಿಲ್ಲೆಗಳೇ ಜಾಸ್ತಿ ಇಷ್ಟ.

ಮುಂದೆ ಹಳೇದು ಬೇಕೆನಿಸಿದರೆ ಹಪಹಾದಿಂದ ಶುರು ಮಾಡಿ, ಅದು ಸುಲಭವಾಗಿ ಸಿಗುತ್ತದೆ. 1904ರಲ್ಲಿ ಚಲಾವಣೆ ನಿಂತ ಮೇಲೆ ಎಷ್ಟೋ ಕರಗಿ ಹೋದವು, ಉಳಿದವುಗಳಲ್ಲಿ ಕೆಲವನ್ನು ಜನ ಪಿನ್ನು, ಗುಂಡಿ ಮಾಡಿಕೊಂಡರು. ಅದಕ್ಕೇ ಕೊಳ್ಳುವಾಗ ಹಿಂಬದಿಯಲ್ಲಿ ಬೆಸುಗೆಯ ಗುರುತು ಇದೆಯಾ ಅಂತ ಲೆನ್ಸ್ ಹಿಡಿದು ನೋಡಿ.