ಸಹಾಯ ಬೇಕು: ಪುಸ್ತಕ ನೋಡಿ ಕರಾಟೆ ಕಲಿಯುತ್ತಿರುವ ಮಗಳಿಗೆ ಗುರುಗಳು

ಎಲ್ಲರಿಗೂ ನಮಸ್ಕಾರ. ನಾವು ಕಟಪಾಡಿಯವರು. ಎಂಟನೇ ಕ್ಲಾಸಿನ ಮಗಳು ಕರಾಟೆಗೆ ಹೋಗುತ್ತಿದ್ದಳು, ಮಳೆಗಾಲದಲ್ಲಿ ಆ ಕ್ಲಾಸ್ ನಿಂತುಹೋಯಿತು. ಅವಳು ಬಿಡಲಿಲ್ಲ. ಲೈಬ್ರರಿಯಿಂದ ಶೋಟೋಕಾನ್ ಶೈಲಿಯ ಕರಾಟೆ ಪುಸ್ತಕ ತಂದು, ಚಾವಡಿಯಲ್ಲಿ ತೆರೆದಿಟ್ಟು, ಹಾಳೆ ಮಗುಚದಂತೆ ಮೇಲೆ ಒಂದು ತೆಂಗಿನಕಾಯಿ ಇಟ್ಟು ದಿನಾ ಸಂಜೆ ಅಭ್ಯಾಸ ಮಾಡುತ್ತಾಳೆ. ಹೇಯಾನ್ ಶೋದಾನ್ ಎಂಬ ಕಾಟಾದ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ) 21 ಚಲನೆಗಳೂ ಈಗ ತಡವರಿಸದೆ ಬರುತ್ತವೆ. ಕ್ರಮ, ದಿಕ್ಕು, ಹೆಸರು ಎಲ್ಲ ಪುಸ್ತಕದಿಂದಲೇ ಬಂದದ್ದು, ಅದನ್ನು ಕಡಿಮೆ ಅನ್ನಲಾರೆ.

ನನಗೆ ಹೆದರಿಕೆ ಮೊಣಗಂಟಿನದ್ದು. ಝೆನ್‌ಕುತ್ಸು ದಾಚಿಯಲ್ಲಿ, ಅಂದರೆ ಮುಂದಿನ ಕಾಲು ಬಗ್ಗಿಸಿ ಹಿಂದಿನ ಕಾಲು ಚಾಚಿ ನಿಲ್ಲುವ ಭಂಗಿಯಲ್ಲಿ, ಮುಂದಿನ ಮೊಣಗಂಟು ಪಾದದ ದಿಕ್ಕಿಗೇ ಬಾಗಬೇಕು. ಇವಳದ್ದು ತಿರುಗುವಾಗ ಒಳಗೆ ವಾಲುತ್ತದೆ, ಹಿಂದಿನ ಕಾಲಿನ ಹಿಮ್ಮಡಿಯೂ ಏಳುತ್ತದೆ. ಪುಸ್ತಕದ ಚಿತ್ರದಲ್ಲಿರುವುದು ತಿರುಗಿ ನಿಂತ ಮೇಲಿನ ಭಂಗಿ. ತಿರುಗುವ ಆ ಗಳಿಗೆ ಎಲ್ಲಿದೆ? ಮೊನ್ನೆಯಿಂದ ನೋವು ಅಂತಿದ್ದಾಳೆ, ಸದ್ಯಕ್ಕೆ ನಿಲ್ಲಿಸಿದ್ದೇವೆ. ನಾನು ಚಿಕ್ಕಂದಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿತವ. ಮಂಡಿ ಎಷ್ಟು ಬಗ್ಗಬೇಕೆಂದು ನಮ್ಮ ಗುರುಗಳು ಬಾಯಲ್ಲಿ ಹೇಳಿದ್ದು ಕಡಿಮೆ, ಭುಜ ಒತ್ತಿ ತೋರಿಸಿದ್ದೇ ಹೆಚ್ಚು. ಇನ್ನು ಎದುರಿಗೆ ಆಳಿಲ್ಲದೆ ಅಂತರದ ಅಂದಾಜು ಹೇಗೆ ಬರಬೇಕು?

ಕಾಪು, ಕಟಪಾಡಿ, ಉಡುಪಿ ಆಸುಪಾಸಿನಲ್ಲಿ ಹೆಣ್ಣುಮಕ್ಕಳಿಗೆ ಶೋಟೋಕಾನ್ ಕಲಿಸಿ ಅನುಭವ ಇರುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಿಕ್ಕರೂ ಸಾಕು, ನಾನೇ ಬೈಕಿನಲ್ಲಿ ಕರೆತರುತ್ತೇನೆ. ಪುಸ್ತಕದಿಂದ ಶುರುಮಾಡಿ ಆಮೇಲೆ ಗುರುಗಳ ಹತ್ತಿರ ಹೋದವರಿದ್ದರೆ, ಮೈಗೆ ಹತ್ತಿದ ತಪ್ಪು ಬಿಡಿಸಲು ಎಷ್ಟು ದಿನ ಹಿಡಿಯಿತು ಅಂತಲೂ ಬರೆಯಿರಿ.