ಕೂಲೆಂಟ್ ಬದಲಾಯಿಸಬೇಕು: ಹಸಿರಾ, ಕೆಂಪಾ, ನೀಲಿಯಾ?

ಕಾಪು ಕಡಲು

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್ ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಗಾಡಿ ಚೆನ್ನಾಗಿಯೇ ಓಡುತ್ತದೆ. ಆದರೆ ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಡಬ್ಬದಲ್ಲಿ ಇರುವುದು ಮಳೆಗಾಲದ ತೋಡಿನ ನೀರಿನ ಹಾಗೆ ಕಂದು ಬಣ್ಣದ್ದು. ಹಿಂದಿನ ಓನರ್ ಏನು ಹಾಕಿದ್ದರು ಅಂತ ಗೊತ್ತಿಲ್ಲ, ಸರ್ವಿಸ್ ಬಿಲ್ ಒಂದೂ ಇಲ್ಲ.

ಉಡುಪಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಕೆಂಪು ಬಾಟಲಿ ತೆಗೆದುಕೊಟ್ಟು "ಇದು ಎಲ್ಲ ಗಾಡಿಗೂ ಆಗ್ತದೆ" ಅಂದರು. ಮನೆ ಹತ್ತಿರದ ಗ್ಯಾರೇಜಿನವರು ಹಸಿರು ಹಾಕಿದರೆ ಸಾಕು ಅಂತಾರೆ. ಮಾವ ಬೇರೆಯೇ ಹೇಳ್ತಾರೆ. "ನಮ್ಮೂರಲ್ಲಿ ಹಿಮ ಬೀಳ್ತದಾ? ನನ್ನ ಅಂಬಾಸಿಡರ್‌ಗೆ ಬಾವಿ ನೀರೇ ಹಾಕ್ತಿದ್ದದ್ದು, ಏನೂ ಆಗ್ಲಿಲ್ಲ" ಅಂತ.

ಮುಂದಿನ ತಿಂಗಳು ತೀರ್ಥಹಳ್ಳಿಯಲ್ಲಿ ಮದುವೆ ಉಂಟು, ಆಗುಂಬೆ ಘಾಟಿ ಹತ್ತಬೇಕು, ಗಾಡಿ ತುಂಬ ಜನ, ಎಸಿ ಬೇರೆ. ಅದಕ್ಕಿಂತ ಮೊದಲು ಎಲ್ಲ ತೆಗೆದು ಹೊಸದು ಹಾಕಿಸಬೇಕು ಅಂತಿದ್ದೇನೆ. ಯಾವುದು ತಗೊಳ್ಳಲಿ? ನೀರು ಬೆರೆಸಿದ್ದು ತಗೊಳ್ಳಬೇಕಾ, ಬೆರೆಸದ್ದಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕೊಣಾಜೆ ಕೆಮಿಸ್ಟ್ರಿ

ಮೊದಲು ಬಣ್ಣವನ್ನು ತಲೆಯಿಂದ ತೆಗೆದುಬಿಡಿ. ಬಣ್ಣ ಅಂದರೆ ಬರೀ ಡೈ. ಯಾವ ಕಂಪೆನಿ ಯಾವ ಬಣ್ಣ ಹಾಕಬೇಕು ಅಂತ ಎಲ್ಲರೂ ಪಾಲಿಸುವ ನಿಯಮ ಯಾವುದೂ ಇಲ್ಲ. ಹೋಂಡಾದ್ದೂ ನೀಲಿ, ಬಿಎಂಡಬ್ಲ್ಯು ವರ್ಷಗಟ್ಟಲೆ ಹಾಕಿದ್ದೂ ನೀಲಿ, ಆದರೆ ಒಳಗಿನ ಕೆಮಿಕಲ್ ಬೇರೆ ಬೇರೆ. ಹಳೇ ಕಾಲದ ಕೂಲೆಂಟೂ ಹಸಿರು, ಹ್ಯುಂಡೈ ಗಾಡಿಗಳಿಗೆ ಬರುವುದೂ ಹಸಿರು, ಅವೆರಡೂ ಒಂದೇ ಅಲ್ಲ.

ಹೆಚ್ಚಿನ ಬಾಟಲಿಗಳಲ್ಲಿ ಮೂಲ ವಸ್ತು ಎಥಿಲೀನ್ ಗ್ಲೈಕಾಲ್. ವ್ಯತ್ಯಾಸ ಇರುವುದು ತುಕ್ಕು ತಡೆಯಲು ಸೇರಿಸುವ ಕೆಮಿಕಲ್‌ಗಳಲ್ಲಿ. ಹಳೇ ನಮೂನೆಯದ್ದರಲ್ಲಿ ಸಿಲಿಕೇಟ್‌ನಂಥವು ಇರುತ್ತವೆ. ಅವು ಲೋಹದ ಮೇಲೆಲ್ಲ ಬೇಗ ಒಂದು ಪದರ ಕಟ್ಟುತ್ತವೆ, ಹಾಗೇ ಬೇಗ ಖರ್ಚೂ ಆಗುತ್ತವೆ, ಸುಮಾರು ಎರಡು ವರ್ಷಕ್ಕೆ ಬದಲಾಯಿಸಬೇಕು. ಓಎಟಿ ಅಂತ ಬರುವುದರಲ್ಲಿ ಆರ್ಗ್ಯಾನಿಕ್ ಆಸಿಡ್ ಇರುತ್ತದೆ. ಅದು ತುಕ್ಕು ಶುರುವಾಗುವ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಅದಕ್ಕೇ ತುಂಬ ಬಾಳಿಕೆ ಬರುತ್ತದೆ. ಜಪಾನ್, ಕೊರಿಯಾದವರು ಓಎಟಿಗೆ ಫಾಸ್ಫೇಟ್ ಸೇರಿಸಿ ಸಿಲಿಕೇಟ್ ಬಿಡುತ್ತಾರೆ, ಸಿಲಿಕೇಟಿನಿಂದ ವಾಟರ್ ಪಂಪಿನ ಸೀಲ್ ಸವೆಯುತ್ತದೆ ಅಂತ ಅವರ ಲೆಕ್ಕ. ಯುರೋಪಿನವರು ಉಲ್ಟಾ. ಅಲ್ಲಿನ ಗಡಸು ನೀರಿಗೆ ಫಾಸ್ಫೇಟ್ ಸೇರಿದರೆ ಗಟ್ಟಿ ಪದರ ಕಟ್ಟುತ್ತದೆ, ಹಾಗಾಗಿ ಫಾಸ್ಫೇಟ್ ಬಿಟ್ಟು ಸಿಲಿಕೇಟ್ ಇಟ್ಟುಕೊಂಡರು. ಫೋಕ್ಸ್‌ವ್ಯಾಗನ್‌ದು ಜಿ12, ಜಿ13 ಅಂತೆಲ್ಲ ಬೇರೆಯೇ ಸಾಲು.

ನಿಮ್ಮದು ಸುಝುಕಿ ಎಂಜಿನ್. ಓನರ್ಸ್ ಮ್ಯಾನುಯಲ್ ಇಲ್ಲದಿದ್ದರೆ ಮಾರುತಿ ವೆಬ್‌ಸೈಟ್‌ನಲ್ಲಿ ಹುಡುಕಿ, ಕೂಲೆಂಟ್ ಪುಟ ನೋಡಿ, ಅದರಲ್ಲಿ ಹೇಳಿದ್ದನ್ನೇ ಕಂಪೆನಿಯ ಜೆನ್ಯೂಯಿನ್ ಪಾರ್ಟ್ಸ್ ಅಂಗಡಿಯಲ್ಲಿ ತಗೊಳ್ಳಿ. ಬೇರೆ ಬ್ರ್ಯಾಂಡ್ ತಗೊಳ್ಳುವುದಾದರೆ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ. ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ 3306, ಇಂಥ ಸ್ಟ್ಯಾಂಡರ್ಡ್ ಯಾವುದಾದರೂ ನಮೂದಿಸಿರಬೇಕು, ಜೊತೆಗೆ ಜಪಾನೀ ಗಾಡಿಗೆ ಆಗುವ ಸಿಲಿಕೇಟ್ ಇಲ್ಲದ ಫಾಸ್ಫೇಟ್ ನಮೂನೆ ಅಂತ ಇರಬೇಕು. "ಎಲ್ಲ ಗಾಡಿಗೂ ಆಗ್ತದೆ" ಅಂತ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಕಂದು ಬಣ್ಣದ ಬಗ್ಗೆ: ಅದು ತುಕ್ಕೇ ಆಗಬೇಕೆಂದಿಲ್ಲ. ಹಸಿರಿನ ಮೇಲೆ ಯಾರೋ ಕೆಂಪು ಹೊಯ್ದರೂ ಎರಡು ಡೈ ಸೇರಿ ಕಂದಾಗುತ್ತದೆ. ಎಂಜಿನ್ ತಣ್ಣಗಿರುವಾಗ ಡಬ್ಬದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ತುಕ್ಕಾದರೆ ಬೆಳಿಗ್ಗೆ ಅಡಿಯಲ್ಲಿ ಸಣ್ಣ ಕೆಂಪು ಹುಡಿ ಕೂತಿರುತ್ತದೆ, ಮೇಲಿನದ್ದು ತಿಳಿಯಾಗಿರುತ್ತದೆ. ಡೈ ಆದರೆ ಇಡೀ ಬಾಟಲಿ ಒಂದೇ ಬಣ್ಣ. ಹಾಗೇ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣದ ಅಂಟು ಇದ್ದರೆ ಕೂಲೆಂಟ್ ಆಯಿಲಿಗೆ ಸೇರುತ್ತಿರಬಹುದು, ಆಗ ಬಾಟಲಿ ಕೊಳ್ಳುವ ಮೊದಲು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ತೋರಿಸಬೇಕು.

ಬೈಕಂಪಾಡಿ ಗ್ಯಾರೇಜ್

ಮೇಲಿನವರು ಹೇಳಿದ್ದು ಸರಿ ಉಂಟು. ನಾನು ಕೆಲಸದ ವಿಷಯ ಹೇಳ್ತೇನೆ, ಯಾಕಂದ್ರೆ ಸರಿಯಾದ ಕೂಲೆಂಟ್ ತಂದೂ ಹಾಕುವಲ್ಲಿ ಎಡವಟ್ಟಾಗುವುದೇ ಜಾಸ್ತಿ.

ರೇಡಿಯೇಟರ್ ಕೆಳಗಿನ ಪ್ಲಗ್ ತೆಗೆದರೆ ಎಲ್ಲ ಖಾಲಿಯಾಗುವುದಿಲ್ಲ. ಎಂಜಿನ್ ಬ್ಲಾಕಿನಲ್ಲಿ, ಹೀಟರ್ ಪೈಪಿನಲ್ಲಿ ಸುಮಾರು ಉಳಿಯುತ್ತದೆ. ಒಟ್ಟು 5 ಲೀಟರ್ ಹಿಡಿಯುವ ಗಾಡಿ ಅಂತ ಇಟ್ಟುಕೊಳ್ಳಿ. ನೀರಿನಿಂದ ಫ್ಲಶ್ ಮಾಡಿದ ಮೇಲೆ ಪ್ಲಗ್ ತೆಗೆದಾಗ 3 ಲೀಟರ್ ಹೊರಗೆ ಬಂತು, ಒಳಗೆ 2 ಲೀಟರ್ ಬರೀ ನೀರು ಉಳಿಯಿತು. ಈಗ 50:50 ಬೆರೆಸಿದ ರೆಡಿಮೇಡ್ ಕೂಲೆಂಟ್ 3 ಲೀಟರ್ ಹೊಯ್ದರೆ ಒಳಗೆ ಆಗುವುದು 30 ಪರ್ಸೆಂಟ್. 30 ಪರ್ಸೆಂಟಿನ ರೆಡಿಮೇಡ್ ಹೊಯ್ದರೆ 18ಕ್ಕೆ ಇಳಿಯುತ್ತದೆ. ಡಬ್ಬದಲ್ಲಿ ಬಣ್ಣ ಚಂದ ಕಾಣುತ್ತದೆ, ಒಳಗೆ ತುಕ್ಕು ತಡೆಯುವಷ್ಟು ಮದ್ದೇ ಇರುವುದಿಲ್ಲ. ಅದಕ್ಕೆ ಫ್ಲಶ್ ಮಾಡುವ ಗಾಡಿಗೆ ನೀರು ಬೆರೆಸದ ಕಾನ್ಸನ್ಟ್ರೇಟ್ ತಗೊಳ್ಳಿ. ಒಟ್ಟು ಎಷ್ಟು ಹಿಡಿಯುತ್ತದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ, ಅರ್ಧಕ್ಕರ್ಧ ಬೇಕಾದರೆ ಅದರ ಅರ್ಧ ಕಾನ್ಸನ್ಟ್ರೇಟ್ ಮೊದಲು ಹೊಯ್ಯಿರಿ, ಉಳಿದ ಜಾಗಕ್ಕೆ ಬ್ಯಾಟರಿ ವಾಟರ್, ಅಂದರೆ ಡಿಸ್ಟಿಲ್ಡ್ ನೀರು, ಬ್ಯಾಟರಿ ಆಸಿಡ್ ಅಲ್ಲ. ಸುಮ್ನೆ ತೆಗೆದು ಹಾಕುವುದಾದರೆ, ಹಳೆಯದೂ ಅದೇ ನಮೂನೆ ಅಂತ ಖಾತ್ರಿ ಇದ್ದರೆ, ರೆಡಿಮೇಡ್ ಸಾಕು.

ನಿಮ್ಮ ಗಾಡಿಗೆ ಫ್ಲಶ್ ಬೇಕೇ ಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಖಾಲಿ ಮಾಡಿ, ಬ್ಯಾಟರಿ ವಾಟರ್ ತುಂಬಿಸಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಓಡುವವರೆಗೆ ಸ್ಟಾರ್ಟಿನಲ್ಲಿಡಿ, ಮತ್ತೆ ತಣ್ಣಗಾಗಲು ಬಿಟ್ಟು ಖಾಲಿ ಮಾಡಿ. ಹೊರಗೆ ಬರುವ ನೀರು ತಿಳಿ ಆಗುವವರೆಗೆ ಇದೇ ಕೆಲಸ. ಅರ್ಜೆಂಟ್ ಮಾಡುವ ಗ್ಯಾರೇಜಿಗೆ ಕೊಡಬೇಡಿ, ಇದಕ್ಕೆ ಅರ್ಧ ದಿನ ಹೋಗುತ್ತದೆ. ಹೊಸದು ತುಂಬಿಸುವಾಗ ಗಾಡಿಯ ಮೂತಿ ಏರಿನ ಕಡೆ ಇರಲಿ, ಗಾಳಿ ಮೇಲೆ ಬಂದು ಹೊರಗೆ ಹೋಗುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡರೆ ಕೂಲೆಂಟ್ ಎಷ್ಟು ಒಳ್ಳೆಯದಿದ್ದರೂ ಎಂಜಿನ್ ಬಿಸಿಯಾಗುತ್ತದೆ.

ರೇಡಿಯೇಟರ್ ಮುಚ್ಚಳವನ್ನೂ ನೋಡಿ. ರಬ್ಬರ್ ಒಡೆದಿದ್ದರೆ ಬದಲಾಯಿಸಿ, ದೊಡ್ಡ ಖರ್ಚಲ್ಲ. ಒಳಗೆ ಒತ್ತಡ ನಿಂತರೆ ಮಾತ್ರ ಕೂಲೆಂಟ್ ಕುದಿಯದೆ ತಡೆಯುತ್ತದೆ. ಮತ್ತೆ ಕಾಪು, ಮಲ್ಪೆ, ಸುರತ್ಕಲ್ ಕಡೆ ಕಡಲ ಬದಿಯಲ್ಲಿ ನಿಲ್ಲುವ ಗಾಡಿಗಳಿಗೆ ರೇಡಿಯೇಟರ್ ಹೊರಗಿನಿಂದಲೂ ತಿನ್ನುತ್ತದೆ. ಕೆಳಗಿನ ಮೂಲೆಯ ಫಿನ್ (ತೆಳು ತಗಡು) ಬೆರಳಲ್ಲಿ ಮುಟ್ಟಿದರೆ ಬಿಳಿ ಹುಡಿಯಾಗಿ ಉದುರಿದರೆ, ಕೂಲೆಂಟ್ ಹಾಕುವ ಮೊದಲು ರೇಡಿಯೇಟರ್ ವಿಷಯ ಯೋಚಿಸಿ.

ಕುಂದಾಪುರದ ಹೈದ

ಬ್ಯಾಟರಿ ವಾಟರ್ ಅಷ್ಟು ಲೀಟರ್ ಯಾಕೆ ಮಾರಾಯ್ರೆ? ನಮ್ಮಲ್ಲಿ ಮಳೆ ನೀರು ಬೇಕಾದಷ್ಟು ಉಂಟಲ್ಲ, ಅದು ಶುದ್ಧ ಅಲ್ವಾ? ಇಲ್ಲದಿದ್ದರೆ ಎಸಿಯಿಂದ ಹನಿಯುವ ನೀರು, ಮನೆಯ ಆರ್‌ಒ ನೀರು? ಕುತೂಹಲಕ್ಕೆ ಕೇಳಿದ್ದು.

ಕೊಣಾಜೆ ಕೆಮಿಸ್ಟ್ರಿ

ಒಳ್ಳೆ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಕೂಲೆಂಟ್ ಕೆಡುವುದರಲ್ಲಿ ನೀರಿನ ಪಾಲು ದೊಡ್ಡದು. ಜಂಬಿಟ್ಟಿಗೆ ಕಲ್ಲಿನ ನೆಲದ ಬಾವಿ ನೀರು ಕುಡಿಯಲು ರುಚಿ, ಗಡಸೂ ಅಲ್ಲ. ಆದರೆ ಅದು ಸ್ವಲ್ಪ ಆಸಿಡ್ ಕಡೆ ಇರುತ್ತದೆ, ಎಷ್ಟೋ ಕಡೆ ಕಬ್ಬಿಣದ ಅಂಶವೂ ಇರುತ್ತದೆ. ಕಡಲ ಹತ್ತಿರದ ಬಾವಿ, ಬೋರ್‌ವೆಲ್‌ಗಳಿಗೆ ಏಪ್ರಿಲ್, ಮೇ ಬಂದರೆ ಉಪ್ಪು ನುಗ್ಗುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಯುಮಿನಿಯಂಗೆ ವೈರಿ, ಸೂಜಿ ಚುಚ್ಚಿದಷ್ಟು ಸಣ್ಣ ತೂತು ಮಾಡುತ್ತಾ ಹೋಗುತ್ತದೆ. ಮಂಗಳೂರಿನ ತುಂಬೆ ನೀರಾಗಲಿ, ಉಡುಪಿಯ ಬಜೆ ನೀರಾಗಲಿ, ನಲ್ಲಿಗೆ ಬರುವಾಗ ಕ್ಲೋರಿನ್ ಹಾಕಿರುತ್ತಾರೆ.

ಮಳೆ ನೀರು ಮಾಡಿನ ಹೆಂಚಿನ ಧೂಳು, ಪಾಚಿ ಎಲ್ಲ ತೊಳೆದುಕೊಂಡು ಬರುತ್ತದೆ, ಕಡಲ ಗಾಳಿಯ ಉಪ್ಪೂ ಸೇರಿರುತ್ತದೆ. ಎಸಿ ನೀರು ಕಾಯಿಲ್‌ನ ಧೂಳು, ಲೋಹದ ಅಂಶ ತೆಗೆದುಕೊಂಡು ಹನಿಯುತ್ತದೆ. ಆರ್‌ಒ ನೀರಿನಲ್ಲಿ ಸ್ವಲ್ಪ ಲವಣ ಉಳಿಯುತ್ತದೆ, ಕೆಲವು ಮೆಷಿನ್ ರುಚಿಗೆ ಅಂತ ಆಮೇಲೆ ಸೇರಿಸುತ್ತವೆ. ಸೀಲ್ ಇರುವ ಡಿಸ್ಟಿಲ್ಡ್ ಅಥವಾ ಡಿಎಂ (ಲವಣ ತೆಗೆದ) ವಾಟರ್ ಕ್ಯಾನ್ ಏನೂ ದುಬಾರಿ ಅಲ್ಲ, ರೇಡಿಯೇಟರ್ ದುಬಾರಿ.

ಕಾಪು ಅವರ ಮಾವನ ಮಾತಿಗೂ ಉತ್ತರ ಹೇಳಬೇಕು, ಯಾಕಂದ್ರೆ ಇದನ್ನು ಎಷ್ಟೋ ಹಿರಿಯರು ಹೇಳ್ತಾರೆ, ಅವರು ಸುಳ್ಳು ಹೇಳುವುದಲ್ಲ. ಅಂಬಾಸಿಡರ್ ಎಂಜಿನ್ ಎರಕದ ಕಬ್ಬಿಣದ್ದು. ನೀರಿನಿಂದ ಅದಕ್ಕೂ ತುಕ್ಕು ಹಿಡಿಯುತ್ತಿತ್ತು, ಆದರೆ ಗೋಡೆ ದಪ್ಪ, ತಡೆದುಕೊಳ್ಳುತ್ತಿತ್ತು. ನಿಮ್ಮ ಸ್ವಿಫ್ಟ್‌ನ ಬ್ಲಾಕ್, ಹೆಡ್, ರೇಡಿಯೇಟರ್ ಎಲ್ಲ ಅಲ್ಯುಮಿನಿಯಂ. ಹಿಮದ ಮಾತು ಬಿಡಿ. ಹೆಪ್ಪುಗಟ್ಟುವ ಚಳಿ ಇಲ್ಲದ ಊರಿನಲ್ಲೂ ತುಕ್ಕು ತಡೆಯಲು ಕನಿಷ್ಠ 30 ಪರ್ಸೆಂಟ್ ಕೂಲೆಂಟ್, 70 ಪರ್ಸೆಂಟ್ ಡಿಸ್ಟಿಲ್ಡ್ ನೀರು ಇರಬೇಕು ಅಂತ ಸುಝುಕಿ ಮ್ಯಾನುಯಲ್‌ನಲ್ಲೇ ಬರೆದಿರುತ್ತದೆ.

ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅಂತಲೂ ಇಲ್ಲ. ಬಿಸಿ ಹೊತ್ತು ಸಾಗಿಸುವುದರಲ್ಲಿ ಗ್ಲೈಕಾಲ್‌ಗಿಂತ ನೀರೇ ಮೇಲು. ಕಾನ್ಸನ್ಟ್ರೇಟ್ ಮಾತ್ರ ತುಂಬಿಸಿದರೆ ಎಂಜಿನ್ ಇನ್ನೂ ಬಿಸಿಯಾಗುತ್ತದೆ. 30ರಿಂದ 50ರ ಒಳಗೆ ಇರಲಿ.

ಶಿರಾಡಿ ಡ್ರೈವರ್

ಮಂಗಳೂರು ಬೆಂಗಳೂರು ಓಡಾಡುವವನು ನಾನು. ಶಿರಾಡಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳನ್ನು ಬೇಸಿಗೆಯಲ್ಲಿ ಯಾವಾಗಲೂ ನೋಡ್ತೇನೆ. ಊರೊಳಗೆ ಚಂದ ಓಡುವ ಗಾಡಿಯೇ ಅಲ್ಲಿ ನಿಲ್ಲುವುದು. ಘಾಟಿಯಲ್ಲಿ ಲಾರಿ ಹಿಂದೆ ಫಸ್ಟ್, ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಎಂಜಿನಿಗೆ ಕೆಲಸ ಜಾಸ್ತಿ, ಎದುರಿಂದ ಗಾಳಿ ಕಡಿಮೆ, ಮೇಲಿಂದ ಎಸಿ. ಒತ್ತಡ ಇಲ್ಲದಿದ್ದರೆ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಇದ್ದು ಮುಚ್ಚಳ ಒತ್ತಡ ಹಿಡಿದರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಆಗುಂಬೆಯ 14 ತಿರುವಿನಲ್ಲಿ ನಿಮ್ಮನ್ನು ಕಾಯುವುದು ಆ ವ್ಯತ್ಯಾಸವೇ.

ಹಾಕಿಸಿದ ಕೂಡಲೇ ಘಾಟಿಗೆ ಹೋಗಬೇಡಿ ಅಣ್ಣ. ಒಂದು ವಾರ ಕಾಪು ಉಡುಪಿ ಓಡಿಸಿ. ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಬ್ಬದ ಗೆರೆ ನೋಡಿ. ಮೊದಲು ಒಂದೆರಡು ಸಲ ಸ್ವಲ್ಪ ಇಳಿದರೆ ಒಳಗಿನ ಗಾಳಿ ಹೋದದ್ದು. ಇಳಿಯುತ್ತಲೇ ಇದ್ದರೆ ಲೀಕ್ ಉಂಟು, ಹೋಸ್ ಕ್ಲ್ಯಾಂಪ್ ಬುಡದಲ್ಲಿ, ವಾಟರ್ ಪಂಪ್ ಅಡಿಯಲ್ಲಿ ಒಣಗಿದ ಬಣ್ಣದ ಕಲೆ ಹುಡುಕಿ.

ದಾರಿಯಲ್ಲಿ ಬಿಸಿ ಏರಿದರೆ ಮೊದಲು ಎಸಿ ಬಂದ್, ಹೀಟರ್ ಫುಲ್, ಅಗಲ ಜಾಗ ಸಿಕ್ಕಲ್ಲಿ ಬದಿಗೆ ನಿಲ್ಲಿಸಿ. ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಮುಖಕ್ಕೆ ಹಾರಿ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಆಗ ಬೇರೇನೂ ಸಿಗದಿದ್ದರೆ ಕುಡಿಯುವ ನೀರೇ ಹಾಕಿ ಊರು ಸೇರಿ, ಅದರಿಂದ ಎಂಜಿನ್ ಹಾಳಾಗುವುದಿಲ್ಲ, ಊರಿಗೆ ಬಂದ ಮೇಲೆ ಮಾತ್ರ ತೆಗೆಸಿ ಸರಿಯಾದ್ದು ತುಂಬಿಸಿ.

ಕಾಪು ಕಡಲು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗಾಜಿನ ಬಾಟಲಿಯಲ್ಲಿ ಇಟ್ಟು ನೋಡಿದೆ, ಅಡಿಯಲ್ಲಿ ತೆಳ್ಳಗೆ ಕೆಂಪು ಹುಡಿ ಕೂತಿದೆ, ಮೇಲಿನದ್ದು ಮಸುಕು ಹಸಿರು. ಅಂದರೆ ಹಸಿರಿಗೆ ಯಾರೋ ನೀರು ಹೊಯ್ಯುತ್ತಾ ಬಂದಿದ್ದಾರೆ ಅಲ್ವಾ? ಆಯಿಲ್ ಮುಚ್ಚಳ ಕ್ಲೀನ್ ಉಂಟು. ಮ್ಯಾನುಯಲ್ ಸಿಕ್ಕಿತು. ಅದರಲ್ಲಿ ಹೇಳಿದ್ದನ್ನೇ ಕಾನ್ಸನ್ಟ್ರೇಟ್ ತಗೊಳ್ತೇನೆ, ಜೊತೆಗೆ ಡಿಎಂ ವಾಟರ್ ಕ್ಯಾನ್. ಮಾವನಿಗೂ ಈ ಉತ್ತರ ಓದಿ ಹೇಳಿದೆ, "ಹಾಗಾದ್ರೆ ಹಾಕಿಸು" ಅಂದರು.

ಒಂದೇ ಡೌಟು. ಫ್ಲಶ್ ಮನೆಯಲ್ಲೇ ಮಾಡಿದರೆ ಹೊರಗೆ ಬರುವ ಹಳೆಯದನ್ನು ತೆಂಗಿನ ಬುಡಕ್ಕೆ ಹೊಯ್ಯಬಹುದಾ?

ಬೈಕಂಪಾಡಿ ಗ್ಯಾರೇಜ್

ನಿಮ್ಮ ಊಹೆ ಸರಿ, ಹಾಗೇ ಆಗಿರಬೇಕು.

ತೆಂಗಿನ ಬುಡಕ್ಕೂ ಬೇಡ, ತೋಡಿಗೂ ಬೇಡ, ನಮ್ಮ ಕಡೆ ಪ್ರತಿ ಮನೆಗೂ ಬಾವಿ ಉಂಟು. ಗ್ಲೈಕಾಲ್ ಸಿಹಿ ಇರುತ್ತದೆ, ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗಿ ಸಾಯುತ್ತವೆ, ಮಕ್ಕಳಿಗೂ ಅದು ವಿಷವೇ. ಅಗಲ ಟಬ್ ಇಟ್ಟು ಹಿಡಿಯಿರಿ, ಹಳೇ ಆಯಿಲ್ ಕ್ಯಾನಿಗೆ ತುಂಬಿಸಿ ಮುಚ್ಚಳ ಬಿಗಿ ಮಾಡಿ, ಮೇಲೆ ಏನು ಅಂತ ಬರೆದಿಡಿ. ಯಾವ ಸರ್ವಿಸ್ ಸೆಂಟರ್ ತಗೊಳ್ತದೆ ಅಂತ ಮೊದಲೇ ಫೋನ್ ಮಾಡಿ ಕೇಳಿ, ಅಲ್ಲಿಗೆ ಕೊಡಿ. ನೆಲಕ್ಕೆ ಚೆಲ್ಲಿದ್ದರೆ ಮರದ ಹುಡಿ ಹಾಕಿ ಒರೆಸಿ, ಆ ಹುಡಿಯನ್ನೂ ಕಟ್ಟಿಡಿ, ಆಮೇಲೆ ಜಾಗ ತೊಳೆಯಿರಿ. ಉಳಿದ ಹೊಸ ಕೂಲೆಂಟನ್ನು ನೀರಿನ ಬಾಟಲಿಗೆ ಮಾತ್ರ ಹಾಕಿಡಬೇಡಿ, ಅದರದ್ದೇ ಕ್ಯಾನಿನಲ್ಲಿ ಇರಲಿ.