ಸಹಾಯ ಬೇಕು: ಅಜ್ಜನ ಮಡಚುವ ಚಾಕು ಯಾರ ಕೈಕೆಲಸ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಎಲೆಅಡಿಕೆ ಸಂಚಿಯೊಳಗೆ ಈ ಚಾಕು ಸಿಕ್ಕಿತು. ಅಲಗು 3 ಇಂಚು, ಹಿಡಿಗೆ ಎಮ್ಮೆ ಕೊಂಬು, ಹಿತ್ತಾಳೆ ಮೊಳೆ. ನಿಂಬೆಹಣ್ಣು ಕೊಯ್ದರೆ ಅಲಗು ಕಪ್ಪಾಗುತ್ತದೆ. ಅಂದರೆ ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಉಕ್ಕು. ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳಾದರೆ ಸಾಮಾನ್ಯವಾಗಿ ಅಲಗಿನ ಬುಡದಲ್ಲೇ ಮಾಡಿದವರ ಹೆಸರು ಒತ್ತಿರುತ್ತಾರೆ. ಇದರಲ್ಲಿ ಭೂತಗನ್ನಡಿ ಹಿಡಿದರೂ ಏನೂ ಕಾಣಲಿಲ್ಲ. ಮಸೆದು ಮಸೆದು ಸವೆದಿರಲೂಬಹುದು, ಅಲ್ವಾ? ಬೆನ್ನಿನ ಸ್ಪ್ರಿಂಗ್ ಮಾತ್ರ ಇವತ್ತಿಗೂ ಟಕ್ ಅಂತ ಕೂರುತ್ತದೆ! ಒಬ್ಬರು ಸುಮ್ನೆ ರಾಂಪುರಿ (ಉತ್ತರ ಪ್ರದೇಶದ ರಾಂಪುರದ ಮಡಚುವ ಚಾಕು) ಅಂದುಬಿಟ್ಟರು. ರಾಂಪುರಿಯ ಅಲಗು ಉದ್ದ, ಇದು ಗಿಡ್ಡ. ನಮ್ಮ ಕಡೆಯ ಕುಲುಮೆಯದ್ದೇ ಇರಬಹುದಾ? ಸಾಗರ, ಹೊಸನಗರದ ಕಡೆ ಯಾರ ಮನೆಯಲ್ಲಾದರೂ ಇಂಥದ್ದಿದ್ದರೆ ಅಲಗಿನ ಬುಡದ ಫೋಟೋ ಹಾಕಿ. ಸ್ವಲ್ಪ ಬೇಗ ಹೇಳಿ, ಅಮ್ಮ ಆಗಲೇ ಗುಜರಿಗೆ ಹಾಕು ಅನ್ನುತ್ತಿದ್ದಾರೆ.